ಖಣಿಯಂಚಿನ ಪಂಕ

ಮಸಿಯ ಡಬ್ಬಿಯತ್ತ ತನ್ನ ಹೆಬ್ಬೆಟ್ಟನ್ನು ಎಳೆಯಲು ಬಂದ ಸಬ್ ಇನ್ಸ್‌ಪೆಕ್ಟರ್ ಕಾಂತೇಶನ ಕೈಯನ್ನು ಶೇಖಮ್ಮ, ರೊಟ್ಟಿಯ ಬುಟ್ಟಿಗೆ ಮೂತಿ ಹಾಕಿದ ಮೇಕೆಯನ್ನು ಸರಿಸುವ ಹಾಗೆ, ಅತ್ತ ಸರಿಸಿದಳು.

"ಮೊದಲ ಓದಿ ಹೇಳ್ರಿ."

"ಈಗರೇ ಓದಿದ್ನಲ್ಲ ಯಮ್ಮಾ."

"ಓದ್ಲಿಲ್ಲ, ಗೊಣಗಿದ್ರಿ. ಬಾಯಾಗ ಅಡಕಿ ಇಟಗೊಂಡು ಗೊಣಗಿದ್ರ ನನಗ ಹ್ಯಾಂಗ ತಿಳೀಬೇಕು?"

ಕಾಂತೇಶನ ಬಾಯಲ್ಲಿ ಅಡಿಕೆ ಇದ್ದದ್ದು ನಿಜ. ಬೇರೆ ದಿನವಾಗಿದ್ದರೆ ಅವನು ಅಡಿಕೆಯ ಜೊತೆಗೇ ನಾಲ್ಕು ಬೈಗುಳವನ್ನೂ ಉಗುಳುತ್ತಿದ್ದ. ಆದರೆ ಈಗ ಪಂಚನಾಮೆಯನ್ನು ಮೊದಲಿಂದ ಕೊನೆಯವರೆಗೆ ಮೊಬೈಲಿನಲ್ಲಿ ತೆಗೆಯಬೇಕೆಂದು ಕಾನೂನಾಗಿದೆ. ಮಹಿಳಾ ಪೇದೆ ಜಹೀರುನ್ನೀಸಾ ಮೊಬೈಲ್ ಎತ್ತಿ ಹಿಡಿದು ಎದುರಿಗೇ ನಿಂತಿದ್ದಳು. ಅವನು ಬೈಗುಳ ನುಂಗಿದ. ಅದರ ಹಿಂದೆಯೇ ಅಡಿಕೆಯೂ ಇಳಿಯಿತು.

ಮೂರು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ, ಈ ಪಾಳುಬಿದ್ದ ಕಲ್ಲಿನ ಖಣಿಯ ಅಂಚಿನಿಂದ ಕಾವಲುಗಾರ ಮೌನೇಶ ಬಿದ್ದು ಸತ್ತಿದ್ದ. ಸಪ್ನಾಳ ಡ್ರೋನ್ ಬಡಿದೇ ಅವನು ಬಿದ್ದ ಎಂದು ಕಾಂತೇಶನ ಕಾಗದ ಹೇಳುತ್ತಿತ್ತು. ಅದರ ಕೆಳಗೆ ಶೇಖಮ್ಮನ ಹೆಬ್ಬೆಟ್ಟು ಬಿದ್ದರೆ, ಜೀಪಿನ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಆ ಇಪ್ಪತ್ತಾರರ ಹುಡುಗಿ ಇಲ್ಲಿಂದ ಸೀದಾ ಜೈಲಿಗೆ.

ಪಂಚರು ಇಬ್ಬರು. ಒಬ್ಬ ಮರಿಲಿಂಗ, ಹಿಂದೆ ಇದೇ ಖಣಿಯ ಮೇಸ್ತ್ರಿ, ಈಗ ಶಹಾಪುರದ ಸುತ್ತ ಪ್ಲಾಟು ಮಾರುವವ. ಅವನ ಸಹಿ ಆಗಲೇ ಕಾಗದದ ಮೇಲೆ ಉದ್ದ ಬಾಲ ಬಿಟ್ಟುಕೊಂಡು ಮಲಗಿತ್ತು. ಇನ್ನೊಬ್ಬಳು ಶೇಖಮ್ಮ. ಅರವತ್ತೆಂಟು ವರ್ಷ, ಅದರಲ್ಲಿ ಇಪ್ಪತ್ತೆರಡು ವರ್ಷ ಈ ಖಣಿಯಲ್ಲಿ ಜಲ್ಲಿ ಒಡೆದವಳು. ಓದಲು ಬಾರದ ಸಾಕ್ಷಿಯೊಬ್ಬಳು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ ಎಂದುಕೊಂಡೇ ಕಾಂತೇಶ ಅವಳನ್ನು ಕರೆಸಿದ್ದ. ಓದಲು ಬಾರದವರು ಎಲ್ಲವನ್ನೂ ನೆನಪಿನಲ್ಲೇ ಇಟ್ಟುಕೊಳ್ಳಬೇಕಾಗುತ್ತದೆ ಎಂಬುದು ಅವನಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

"ಯವ್ವಾ, ಒತ್ತಿ ಬಾ, ಸಾಕು. ಬಿಸಲು ಏರಕತ್ತದ," ಬೇವಿನ ಮರದಡಿಯಿಂದ ಮಗ ಅಂಬ್ರಪ್ಪ ಕೂಗಿದ. ತಾಯಿಯನ್ನು ಬೈಕಿನ ಮೇಲೆ ಕರೆತಂದವನು ಅವನೇ. ಮರಿಲಿಂಗನ ಟಿಪ್ಪರ್ ಓಡಿಸುತ್ತಾನೆ. ಬಂದಾಗಿನಿಂದ ಇದು ಮೂರನೆಯ ಸಲದ ಕೂಗು.

"ನಿನಗ ಬಿಸಲು ಹತ್ತಿದ್ರ ನೀ ಹೋಗು," ಎಂದಳು ಶೇಖಮ್ಮ ತಿರುಗಿಯೂ ನೋಡದೆ. "ಓದ್ರಿ ಸಾಹೇಬ್ರ."

ಕಾಂತೇಶ ಓದಿದ. ಈ ಸಲ ಬಿಡಿಸಿ ಬಿಡಿಸಿ ಓದಿದ, ಮಂದಬುದ್ಧಿಯವರಿಗೆ ಓದುವ ಹಾಗೆ. ಶೇಖಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಮುಗಿದ ಮೇಲೆ ಅವನು ಓದಿದ್ದನ್ನೆಲ್ಲ ಅಕ್ಷರ ಬಿಡದೆ ತಿರುಗಿ ಒಪ್ಪಿಸಿದಳು. ಜಹೀರುನ್ನೀಸಾ ಮೊಬೈಲಿನ ಹಿಂದೆ ಮುಖ ಮರೆಸಿ ನಗು ನುಂಗಿದಳು.

"'ಪಂಚರಾದ ನಾವು ಸ್ಥಳದಲ್ಲಿ ಹುಡುಕಲಾಗಿ, ಅಂಚಿನಿಂದ ಮೂರು ಅಡಿ ಅಂತರದಲ್ಲಿ, ರಕ್ತದ ಕಲೆಯುಳ್ಳ ಡ್ರೋನಿನ ಪಂಕವೊಂದು ದೊರೆತಿರುತ್ತದೆ.' ಹಿಂಗ ಬರದೀರಿ. ಹೌದಲ್ರಿ?"

"ಹೌದು."

"ನಾ ಯಾವಾಗ ಹುಡುಕಿದೆ? ನಾ ಬೈಕ್ ಇಳಿಯೂದ್ರಾಗ ಪಂಕಾ ನಿಮ್ಮ ಪ್ಲಾಸ್ಟಿಕ್ ಚೀಲದಾಗ ಇತ್ತು. ನಾ ಹುಡುಕಿದ್ದು ನನ್ನ ಚಪ್ಪಲಿ ಅಷ್ಟೇ."

"ಅದು ಬರಿಯೂ ಪದ್ಧತಿ ಯಮ್ಮಾ. ಎಲ್ಲಾ ಕಡಿ ಹಿಂಗೇ ಬರೀತಾರ."

"ಎಲ್ಲಾ ಕಡಿ ಸುಳ್ಳ ಬರೀತಾರ ಅಂತ ಹೇಳ್ರಿ. ಆ ಹುಡಿಗಿ ಮಬೈಲದಾಗ ಅದೂ ಬರಲಿ."

ಕಾಂತೇಶ ಮೊಬೈಲಿನತ್ತ ನೋಡಿ ಒಂದು ನಗೆ ತಂದುಕೊಂಡ. ಹಲ್ಲು ನೋಯುವವನ ನಗೆ.

ಮರಿಲಿಂಗ ಕೆಮ್ಮಿ ಮುಂದೆ ಬಂದ. "ಶೇಖಮ್ಮ, ದೊಡ್ಡ ಮಂದಿ ಕೆಲಸದಾಗ ನಿನಗ ಯಾಕ ಇಷ್ಟು ಉಸಾಬರಿ? ಡ್ರೋನ್ ಅಂದ್ರೇನು, ಅದು ಹ್ಯಾಂಗ ಹಾರ್ತದ, ನಿನಗ ಮಾಲೂಮ ಅದೇನು?"

"ನಿನ್ನ ಡ್ರೋನ್ ಹಾರೂದು ನೋಡೀನಿ. ಶಿರವಾಳದ ಹಳೇ ಗುಡಿ ಮ್ಯಾಲ ಬಿಟ್ಟು ಬಾವಲಿ ಎಲ್ಲಾ ಎಬ್ಬಿಸಿದ್ಯಲ್ಲ, ಅವತ್ತು. ಮದುವಿ ಹಂದರದಾಗ ಉಣ್ಣೋರ ತಲಿ ಮ್ಯಾಲ ಇಳಿಸಿ, ಸಾರಿನಾಗ ಮಣ್ಣು ಬೀಳಿಸಿದ್ದೂ ನೋಡೀನಿ. ಅದು ಹಾರಿಸೂದಲ್ಲಪ್ಪ. ಹುಚ್ಚನ ಕೈಯಾಗ ಬಡಿಗಿ ಕೊಟ್ಟಂಗ ಇತ್ತು."

ಸಪ್ನಾ ಹಾರಿಸುವುದನ್ನೂ ಅವಳು ನೋಡಿದ್ದಳು. ಆರು ತಿಂಗಳಿಂದ, ಎರಡು ಆಡು ಹೊಡೆದುಕೊಂಡು ಈ ಕಡೆ ಬಂದಾಗಲೆಲ್ಲ. ಕಾಲುವೆಯ ಕೆಳಗಿನ ಭತ್ತದ ಗದ್ದೆಗಳಿಗೆ ಡ್ರೋನಿನಿಂದ ಔಷಧಿ ಹೊಡೆಯುವುದು ಆ ಹುಡುಗಿಯ ಕೆಲಸ. ತರಬೇತಿ ಮುಗಿಸಿ ಲೈಸೆನ್ಸ್ ಪಡೆದವಳು. ಕೈ ಪಳಗಿಸಲು ಕ್ಯಾಮೆರಾ ಇರುವ ಸಣ್ಣ ಡ್ರೋನನ್ನು ಈ ಖಣಿಗೆ ತರುತ್ತಿದ್ದಳು. ಇಲ್ಲಿ ಮನೆಯಿಲ್ಲ, ಕರೆಂಟಿನ ತಂತಿಯಿಲ್ಲ, ದನಕರು ಬೆದರುವುದಿಲ್ಲ. ಬರುವ ಮೊದಲು ಮೌನೇಶನಿಗೆ ಫೋನು ಮಾಡುವಳು. ನೆಲಕ್ಕೆ ಚಾಪೆ ಹಾಸಿ, ಡ್ರೋನ್ ಇಟ್ಟು, ಒಂದೊಂದು ಪಂಕದ ಮೇಲೂ ಬೆರಳಾಡಿಸಿ ಸೀಳು ಇದೆಯೇ ನೋಡುವಳು. ಗಾಳಿ ಜೋರಿದ್ದರೆ ಎತ್ತುತ್ತಲೇ ಇರಲಿಲ್ಲ. ಪಡುವಣ ಬಂಡೆಯ ಸಂದಿಯಲ್ಲಿ ಹದ್ದು ಮರಿ ಮಾಡಿದಾಗ ಎರಡು ತಿಂಗಳು ಆ ದಿಕ್ಕಿಗೆ ಡ್ರೋನಿನ ಮುಖವನ್ನೇ ತಿರುಗಿಸಲಿಲ್ಲ.

ಮಂಗಳವಾರ ಡ್ರೋನ್ ಎತ್ತಿಯೇ ಇಲ್ಲ ಎಂದು ಸಪ್ನಾ ಮೊದಲ ದಿನವೇ ಹೇಳಿದ್ದಳು. ಅವಳ ತಾಯಿ ಪರಿಮಳಾ ಕೂಲಿಗೆ ಹೋದಾಗಲೆಲ್ಲ ಆ ಮಗು ಶೇಖಮ್ಮನ ಕಟ್ಟೆಯ ಮೇಲೆಯೇ ಬೆಳೆದದ್ದು. ಅದರ ಬಾಯಲ್ಲಿ ಸುಳ್ಳು ಬಂದದ್ದನ್ನು ಶೇಖಮ್ಮ ಕಂಡಿರಲಿಲ್ಲ.

"ಚೀಲ ಕೊಡ್ರಿ ಇಲ್ಲಿ," ಎಂದಳು.

"ಮುಟ್ಟಬಾರದು."

"ಮುಟ್ಟೂದಿಲ್ಲ. ನೋಡ್ತೀನಿ. ನನ್ನ ಕಣ್ಣೇನು ಮಸಿ ಬಿಡೂದಿಲ್ಲ."

ಪಾರದರ್ಶಕ ಚೀಲವನ್ನು ಅವಳು ಸೂರ್ಯನಿಗೆ ಎತ್ತಿ ಹಿಡಿದಳು. ಬೆರಳುದ್ದದ ಕಪ್ಪು ಪಂಕ, ಫ್ಯಾನಿನ ರೆಕ್ಕೆಯ ಹಾಗೆ. ತುದಿ ಮುರಿದಿತ್ತು. ತಿರುಪು ಕೂಡುವ ಬುಡದಲ್ಲಿ, ಸಂದಿಯೊಳಗೆ, ಕೆಂಪು.

ಶೇಖಮ್ಮ ಬಹಳ ಹೊತ್ತು ನೋಡಿದಳು. ಕಾಂತೇಶ ಗಡಿಯಾರ ನೋಡಿಕೊಂಡ. ಮರಿಲಿಂಗ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ.

"ಸಾಹೇಬ್ರ, ಮೌನೇಶ ಸತ್ತು ಎಷ್ಟು ದಿನ ಆತು?"

"ಮೂರು."

"ನೀವು ಕಲ್ಲಿನ ಮ್ಯಾಲ ರಕ್ತ ಬಿದ್ದದ್ದು ಎಷ್ಟು ಸಲ ನೋಡೀರಿ?"

"ಯಮ್ಮಾ, ಇಪ್ಪತ್ತು ಕೊಲಿ ಕೇಸ್ ಮಾಡೀನಿ."

"ಮಾಡಿದ್ದೇನು ಬಂತು. ನೋಡೀರೇನು? ನಾ ಇದೇ ಖಣಿಯಾಗ ನೋಡೀನಿ. ಬೆರಳು ಹೋದೋರದು, ಕಾಲು ಹೋದೋರದು. ರಕ್ತ ಬಿಸಲಿಗೆ ಬಿದ್ದ ತಾಸಿನಾಗ ಕಂದ್ತದ. ಮರುದಿನ ಕರ್ರಗ ಬೆಲ್ಲದ ಪಾಕ ಹತ್ತಿದಂಗ ಆಗ್ತದ. ಇದು ನೋಡ್ರಿ, ಹೊಸಾ ಮದಿಮಗಳ ಹಣಿಯಂಗ ಹೊಳಿಯಕತ್ತದ. ಆಮ್ಯಾಲ ಕೆಂಪಿನ ತಳಕ್ಕ ಹಳದಿ ಅದ. ಯಾವ ಮನಶಾನ ರಕ್ತದಾಗ ಹಳದಿ ಇರ್ತದ?"

ಜಹೀರುನ್ನೀಸಾ ಕೇಳದೆಯೇ ಎರಡು ಹೆಜ್ಜೆ ಮುಂದೆ ಬಂದು ಚೀಲದ ಹತ್ತಿರಕ್ಕೆ ಮೊಬೈಲ್ ಹಿಡಿದಳು.

"ಅರಿಶಿಣದ ಮ್ಯಾಲ ಕುಂಕುಮ," ಎಂದಳು ಶೇಖಮ್ಮ. "ರಕ್ತ ಅಂತ ಬರದವನ ಕಣ್ಣಿಗೆ ಮೊದಲ ಔಷಧ ಹಾಕಿಸ್ರಿ."

ರಕ್ತ ಎಂದು ಬರೆದವನು ಕಾಂತೇಶನೇ. ಅವನು ಚೀಲ ಕಸಿದುಕೊಂಡು ನೋಡಿದ. ಮೂಗಿಗೆ ತಂದ. ಮತ್ತೆ ನೋಡಿದ. ಖಾಕಿ ಅಂಗಿಯ ಕಂಕುಳಲ್ಲಿ ಬೆವರಿನ ಕಲೆ ದೊಡ್ಡದಾಗುತ್ತಿತ್ತು.

"ಆತು ಬಿಡು. ಪೂಜಾ ಮಾಡಿದ್ದು ಇರಬಹುದು. ಆಕೀನೇ ಮಾಡಿರ್ತಾಳ."

"ಆಕಿಗೇ ಕೇಳ್ರಿ. ಜೀಪಿನಾಗೇ ಅದಾಳಲ್ಲ. ಮೂರು ದಿನದಾಗ ಒಂದು ಸಲನಾರ ಕೇಳೀರೇನು?"

ಸಪ್ನಾಳನ್ನು ಇಳಿಸಿದರು. ಅವಳು ಶೇಖಮ್ಮನ ಮುಖ ನೋಡಲಿಲ್ಲ. ನೆಲ ನೋಡುತ್ತ ಹೇಳಿದಳು.

"ನಮ್ಮ ಮನ್ಯಾಗ ಬುದ್ಧರದು, ಬಾಬಾಸಾಹೇಬರದು ಫೋಟೋ ಅವರಿ. ಮಷೀನಿಗೆ ಪೂಜಾ ಮಾಡೂದಿಲ್ಲ. ಒಣ ಅರಿವಿಲೆ ಒರಸಿ ಇಡ್ತೀವಿ. ಪಂಕಾಕ್ಕ ಒಂದು ಚಿಟಿಗಿ ಏನಾರ ಹತ್ತಿದ್ರೂ ತೂಕ ತಪ್ಪಿ ಡ್ರೋನ್ ನಡಗ್ತದ್ರಿ. ಸೀಳಿದ ಪಂಕಾ ನಾ ಇಟಗೊಳ್ಳೂದೂ ಇಲ್ಲ. ಯಾರೂ ಮತ್ತ ಹಾಕಬಾರದಂತ ಕತ್ತರಸಿ ಒಗೀತೀನಿ."

"ಕೇಳಿದ್ರಿ?" ಎಂದಳು ಶೇಖಮ್ಮ. "ಈ ಹುಡಿಗಿಗೆ ಗುನ್ಹೆ ಹೊರಸಬೇಕಂತ ಪಂಕಾ ತಂದು ಒಗದ ಜಾಣ ಮನಶಾಗ ಇಷ್ಟೂ ತಿಳೀಲಿಲ್ಲ. ತಾ ಮಾಡೂದೇ ಎಲ್ಲಾರೂ ಮಾಡ್ತಾರ ಅನಕೊಂಡಾನ. ಐತವಾರ ಅಮಾಸಿ ಇತ್ತು. ಅವತ್ತು ಮಷೀನಕ್ಕ ಅರಿಶಿಣ ಕುಂಕುಮ ಹಚ್ಚಿದೋರು ಯಾರು?"

ಖಣಿಯ ತಳದಲ್ಲಿ ನಿಂತ ಹಸಿರು ನೀರಿನ ಮೇಲೆ ಒಂದು ಬೆಳ್ಳಕ್ಕಿ ಇಳಿದು ಮತ್ತೆ ಎದ್ದು ಹೋಯಿತು.

"ನಾ ಹೇಳ್ತೀನಿ. ಈ ಮರಿಲಿಂಗ ಮೇಸ್ತ್ರಿ ಅಮಾಸಿಗೊಮ್ಮೆ ಜೇಸಿಬಿಗೆ ಹಚ್ತಾನ, ಟಿಪ್ಪರಕ್ಕ ಹಚ್ತಾನ, ಬೋರಿನ ಮೋಟರಿಗೆ ಹಚ್ತಾನ. ಹ್ವಾದ ಶ್ರಾವಣದಾಗ ಆಫೀಸಿನ ಬೀಗಕ್ಕ ಹಚ್ಚಿ, ಕುಂಕುಮ ಒಳಗ ಹೋಗಿ, ಬೀಗ ತೆರಿಲಾರದ ಒಡಸಿದ. ತನ್ನ ಡ್ರೋನಿಗೆ ಹಚ್ಚದ ಬಿಟ್ಟಿರ್ತಾನೇನು?"

ಜಹೀರುನ್ನೀಸಾಗೆ ಈ ಸಲ ನಗು ತಡೆಯಲಾಗಲಿಲ್ಲ. ಕೆಮ್ಮಿದಂತೆ ಮಾಡಿದಳು.

ಮರಿಲಿಂಗನ ಮುಖ ಕಪ್ಪಿಟ್ಟಿತು. ಇಪ್ಪತ್ತೆರಡು ವರ್ಷ ತಾನು 'ಏ ಶೇಖೀ' ಎಂದು ಕರೆದು ಬುಟ್ಟಿ ಹೊರಿಸಿದ ಹೆಂಗಸು, ಪೊಲೀಸರ ಮುಂದೆ, ಮೊಬೈಲಿನ ಮುಂದೆ, ತನ್ನ ಬೀಗದ ಕಥೆ ಹೇಳುತ್ತಿದ್ದಾಳೆ. ಆ ಅವಮಾನ ಅವನ ಬುದ್ಧಿಗಿಂತ ಮೊದಲು ಅವನ ಬಾಯಿಗೆ ತಲುಪಿತು.

"ಏ ಶೇಖೀ! ಪಂಕಾ ಯಾರದರೆ ಇರಲಿ. ಮಂಗಳವಾರ ಇಲ್ಲಿ ಡ್ರೋನ್ ಹಾರಿಸಿದಾಕಿ ಇಕೀನೇ. ಎತ್ತಿಲ್ಲ ಅಂತ ಸುಳ್ಳ ಹೇಳ್ಯಾಳ. ಮೌನೇಶ ನಿಂತಿದ್ನಲ್ಲ, ಅವನ ನೆಟ್ಟಗ ಮ್ಯಾಲ ಬಂದಿತ್ತು, ನಾ ಕಣ್ಣಾರೆ ಕಂಡೀನಿ!"

ಶೇಖಮ್ಮ ಕಾಂತೇಶನನ್ನು ನೋಡಿದಳು. ಇದನ್ನಾದರೂ ಹಿಡಿಯುತ್ತಾನೋ ಇಲ್ಲವೋ ಎಂದು ಕಾದಳು. ಕಾಂತೇಶ ಪೆನ್ನಿನ ತುದಿ ಕಚ್ಚುತ್ತಿದ್ದ. ಕೊನೆಗೆ ಅವಳೇ ಹೇಳಬೇಕಾಯಿತು.

"ಸಾಹೇಬ್ರ, ಮಂಗಳವಾರ ಮುಂಜಾನಿ ಸುರಪುರಕ್ಕ ಹೋಗಿದ್ದೆ, ಹೊತ್ತು ಮುಳುಗಿದ ಮ್ಯಾಲ ಬಂದೆ ಅಂತ ಈ ಮನಶಾ ನಿಮಗ ಬರಸ್ಯಾನ. ಊರಿಗೆಲ್ಲ ಹೇಳ್ಕೋತ ತಿರಗ್ಯಾನ. ಸುರಪುರದಿಂದ ಇಲ್ಲೀತನಕ ಕಾಣ್ತದೇನ್ರಿ ಇವನ ಕಣ್ಣಿಗೆ?"

ಕಾಂತೇಶ ಪೆನ್ನು ಬಾಯಿಂದ ತೆಗೆದ. ಮರಿಲಿಂಗ ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ಜೀಪಿತ್ತು.

"ಮೇಸ್ತ್ರಿ, ಇಲ್ಲೇ ನಿಂದ್ರು," ಎಂದ ಕಾಂತೇಶ. ಅವನ ದನಿಯಲ್ಲಿ ಮೊದಲ ಸಲ ಪೊಲೀಸನೊಬ್ಬ ಕಾಣಿಸಿದ. "ನೀ ಇಲ್ಲಿದ್ದಿ. ಆತು. ಏ ಹುಡಿಗಿ, ಇವ ಹೇಳೂದು ಖರೇ ಏನು? ಅವತ್ತು ಹಾರಿಸಿದ್ಯೋ ಇಲ್ಲೋ?"

ಸಪ್ನಾ ಚಪ್ಪಲಿಯ ತುದಿಯಿಂದ ಜಲ್ಲಿ ಕೆದಕಿದಳು.

"ಹೇಳವಾ," ಎಂದಳು ಶೇಖಮ್ಮ. "ಇಲ್ಲ ಅಂತ ಹೇಳು, ಮುಗೀಲಿ."

"ಹಾರಿಸಿದ್ದೆ ಆಯಿ."

ಇಷ್ಟು ಹೊತ್ತು ಇನ್ನೊಬ್ಬರ ಮೇಲೆ ಉಗುಳಿದ ತಿರಸ್ಕಾರವೆಲ್ಲ ತಿರುಗಿ ಶೇಖಮ್ಮನ ಮುಖಕ್ಕೇ ಸಿಡಿದಂತಾಯಿತು.

"ಮತ್ತ ನನ್ನ ಮುಂದ ಯಾಕ ಸುಳ್ಳ ಹೇಳಿದಿ?"

"ಯಾರಿಗೂ ಬಡಿದಿಲ್ಲ ಆಯಿ. ಅದು ಖರೇ. ಡ್ರೋನ್ ತಗದ ಚಿತ್ರ ಅದ. ಕಾರ್ಡ್ ತಗದು ಇಟಗೊಂಡೀನಿ." ಅವಳು ಕುಪ್ಪಸದ ಒಳಗಿಂದ ಉಗುರಿನಷ್ಟು ದೊಡ್ಡ ಕಾರ್ಡೊಂದನ್ನು ತೆಗೆದಳು. ಕೈ ಮುಂದೆ ಚಾಚಲಿಲ್ಲ. "ಜೈಲಿಗೆ ಹೋದ್ರೂ ಚಿಂತಿಲ್ಲ, ಕೊಡಬಾರದಂತ ಇದ್ದೆ."

"ಹುಚ್ಚಿ! ನಿನ್ನ ಉಳಿಸೂದು ನಿನ್ನ ಕೈಯಾಗೇ ಇಟಗೊಂಡು, ನನ್ನ ಇಷ್ಟು ಒದರಿಸಿದ್ಯಲ್ಲ. ಕೊಡು ಅವರಿಗೆ."

"ಆಯಿ, ನೀವು ನೋಡಬ್ಯಾಡ್ರಿ."

ಜಹೀರುನ್ನೀಸಾ ಆ ಮಾತಿಗೆ ಕಾಯಲಿಲ್ಲ. ಕಾರ್ಡ್ ತೆಗೆದುಕೊಂಡು, ಜಪ್ತಿ ಮಾಡಿದ್ದ ಡ್ರೋನಿಗೆ ಹಾಕಿ, ಅದರ ರಿಮೋಟಿನ ಪರದೆಯನ್ನು ಜೀಪಿನ ನೆರಳಿಗೆ ಹಿಡಿದಳು. ಎಲ್ಲರೂ ಬಗ್ಗಿದರು.

ಮಂಗಳವಾರ, ಹತ್ತೂಮುಕ್ಕಾಲು. ಖಣಿಯ ಹಸಿರು ನೀರು. ಬಂಡೆ. ಅಂಚು. ಎರಡು ತೆಂಗಿನ ಮರದೆತ್ತರದಿಂದ ಕಂಡ ಲೋಕ. ತಟ್ಟಿದ ರೊಟ್ಟಿಯ ಹಾಗೆ ಎಲ್ಲವೂ ಚಪ್ಪಟೆ. ಚಿತ್ರದ ಎಡಗಡೆಯಿಂದ ಇಬ್ಬರು ಬಂದರು. ಒಬ್ಬನದು ಖಾಕಿ ಅಂಗಿ, ಅವನು ಮೌನೇಶ. ಇನ್ನೊಬ್ಬ ಬರಿದಲೆಯವ, ಹೆಗಲ ಮೇಲೆ ಟವೆಲ್ಲು. ಇಬ್ಬರೂ ಕೈ ಬೀಸಿ ಜಗಳಾಡುತ್ತಿದ್ದರು. ಅಂಚಿಗೆ ಒಂದು ಮಾರು ದೂರದಲ್ಲಿ ಟವೆಲ್ಲಿನವನು ಮೌನೇಶನ ತೋಳು ಹಿಡಿದ.

ಚಿತ್ರ ಮೆಲ್ಲಗೆ ತಿರುಗಿತು. ಬಂಡೆ, ಜಾಲಿ, ಬಯಲು. ಆಮೇಲೆ ಚಾಪೆ.

"ಮುಂದ?" ಎಂದ ಕಾಂತೇಶ.

"ಮುಂದ ಇಲ್ರಿ."

"ಯಾಕ ಇಲ್ಲ?"

"ಮಂದಿ ಕಂಡ್ರ ಹೊಳ್ಳಿಸಬೇಕ್ರಿ. ತಲಿ ಮ್ಯಾಲ ಹಾರಿಸಬಾರದು. ಹೊಳ್ಳಿಸಿ ಇಳಿಸಿದೆ."

"ಅಯ್ಯೋ ನಿನ್ನ ರೂಲ್ಸಿಗೆ ಬೆಂಕಿ ಹಚ್ಚಲಿ! ಇನ್ನೊಂದು ಹತ್ತು ಎಣಸೂತನಕ ಅಲ್ಲೇ ನಿಲ್ಲಿಸಿದ್ರ ಏನಾಗ್ತಿತ್ತು?"

ಸಪ್ನಾ ಮೊದಲ ಸಲ ತಲೆ ಎತ್ತಿ ಅವನನ್ನು ನೇರವಾಗಿ ನೋಡಿದಳು. "ನಿಲ್ಲಿಸಿದ್ರ ನೀವು ಬರದದ್ದು ಖರೇ ಆಗ್ತಿತ್ರಿ. ಡ್ರೋನ್ ನೋಡಕೋತ ಹೆಜ್ಜಿ ತಪ್ಪಿದ್ರೂ, ಡ್ರೋನಿನಿಂದ ಬಿದ್ದ ಅಂತಲೇ ಆಗ್ತಿತ್ತು."

ಕಾಂತೇಶ ಚಿತ್ರವನ್ನು ಹಿಂದಕ್ಕೆ ಓಡಿಸಿ, ತೋಳು ಹಿಡಿದ ಗಳಿಗೆಯಲ್ಲಿ ನಿಲ್ಲಿಸಿ, ಹಿಗ್ಗಿಸಿದ. "ಯಾರು ಇವ? ಮುಖ ಕಾಣವಲ್ದು. ಬರೇ ನೆತ್ತಿ. ನೆತ್ತಿ ನೋಡಿ ಯಾರು ಗುರ್ತು ಹಿಡೀತಾರ?"

ನೆತ್ತಿಯ ನಡುವೆ, ಕಪ್ಪು ಕೂದಲಿನಲ್ಲಿ, ಹುಣಸೆ ಬೀಜದಷ್ಟು ಬೋಳು.

ಮೂವತ್ತೈದು ವರ್ಷದ ಹಿಂದೆ, ಇದೇ ಖಣಿಯ ದಂಡೆಯಲ್ಲಿ, ಜಾಲಿಯ ಟೊಂಗೆಗೆ ಸೀರೆಯ ಜೋಳಿಗೆ ಕಟ್ಟಿ ಮಗುವನ್ನು ಮಲಗಿಸಿ ಒಬ್ಬ ತಾಯಿ ಜಲ್ಲಿ ಒಡೆಯುತ್ತಿದ್ದಳು. ಅವಳದೇ ಸುತ್ತಿಗೆಯ ಏಟಿಗೆ ಸಿಡಿದ ಚಕ್ಕೆ ಜೋಳಿಗೆಗೆ ಬಿತ್ತು. ಅಲ್ಲಿ ಮತ್ತೆ ಕೂದಲು ಬರಲಿಲ್ಲ. ಹಾಲು ಕುಡಿಸುವಾಗ, ಎಣ್ಣೆ ಹಚ್ಚುವಾಗ, ನೀರು ಹಾಕುವಾಗ ಅವಳು ಮೇಲಿನಿಂದ ನೋಡಿದ್ದು ಆ ಬೋಳನ್ನೇ. ದೊಡ್ಡವನಾದ ಮೇಲೆ ಅವನು ಅದನ್ನು ಟವೆಲ್ಲು ಸುತ್ತಿ ಮುಚ್ಚಿದ. ಅವಳ ಕಟ್ಟೆಯ ಮೇಲೆ ಬೆಳೆದ ಹುಡುಗಿಯೊಬ್ಬಳನ್ನು ಬಿಟ್ಟರೆ ಊರಲ್ಲಿ ಯಾರಿಗೂ ಅದು ನೆನಪಿರಲಿಲ್ಲ.

ಬೇವಿನ ಮರದಡಿಯಿಂದ ಬಹಳ ಹೊತ್ತಿನಿಂದ ಯಾರೂ ಕೂಗಿರಲಿಲ್ಲ.

"ಗುರ್ತು ಹತ್ತಿತೇನು ಯಮ್ಮಾ?" ಕಾಂತೇಶ ಕೇಳಿದ. ಬೇಸರಕ್ಕೆ ಕೇಳಿದ್ದು, ಉತ್ತರ ಬರುವುದೆಂದು ಅವನಿಗೆ ಅನಿಸಿರಲಿಲ್ಲ.

ಮರಿಲಿಂಗನ ತುಟಿಯಲ್ಲಿ ಹಳೆಯ ಮೇಸ್ತ್ರಿಯ ನಗು ತಿರುಗಿ ಬಂದಿತ್ತು. "ಹೇಳ ಶೇಖೀ. ಭಾಳ ನೆನಪಿಡಾಕಿ ನೀ. ಈಗ ಹೇಳು ನೋಡೂಣು."

ಅವನಿಗೆ ಗೊತ್ತಿತ್ತು. ಮೊದಲಿನಿಂದ ಗೊತ್ತಿತ್ತು. ಸಪ್ನಾ ಶೇಖಮ್ಮನ ಸೆರಗಿನ ತುದಿ ಹಿಡಿದು ಜಗ್ಗಿದಳು. ಗೊತ್ತಿಲ್ಲ ಎಂದು ಒಂದು ಮಾತು ಅಂದರೆ ಸಾಕಿತ್ತು. ಆಗ ಚಿತ್ರದಲ್ಲಿ ಉಳಿಯುವುದು ಒಂದು ನೆತ್ತಿ, ಮತ್ತು ಅವತ್ತು ಖಣಿಯಲ್ಲಿ ಡ್ರೋನ್ ಹಾರಿಸಿ, ಹಾರಿಸಿಲ್ಲವೆಂದು ಪೊಲೀಸರಿಗೆ ಸುಳ್ಳು ಹೇಳಿದ ಒಬ್ಬ ಹುಡುಗಿ. ಕಾಂತೇಶನಂಥವನಿಗೆ ಅಷ್ಟೇ ಸಾಕು. ಸಂಜೆಯೊಳಗೆ ಇನ್ನೊಂದು ಕಾಗದ ಬರೆದಾನು.

"ಹೊಸಾ ಹಾಳಿ ತಗೀರಿ ಸಾಹೇಬ್ರ," ಎಂದಳು ಶೇಖಮ್ಮ. "ನಾ ಹೇಳಿದ್ದು ಹೇಳಿದಂಗ ಬರೀರಿ. ಹೆಸರು ಅಂಬ್ರಪ್ಪ."

"ಯಾವ ಅಂಬ್ರಪ್ಪ? ತಂದಿ ಹೆಸರು?"

"ತಾಯಿ ಹೆಸರು ಬರಕೋರಿ. ಶೇಖಮ್ಮ."

ಪೆನ್ನು ನಿಂತಿತು. ಜಹೀರುನ್ನೀಸಾ ಮೊಬೈಲ್ ಕೆಳಗಿಳಿಸಲು ಹೋಗಿ, ಏನೋ ನೆನಪಾಗಿ, ಹಾಗೆಯೇ ಹಿಡಿದಳು.

ಅಂಬ್ರಪ್ಪ ಓಡಲಿಲ್ಲ. ತಲೆಯ ಟವೆಲ್ಲು ಬಿಚ್ಚಿ ಕೈಗೆ ಸುತ್ತಿಕೊಳ್ಳುತ್ತ, ಬಿಸಿಲಿನಲ್ಲಿ ಅವರತ್ತ ನಡೆದು ಬಂದ. ತಾಯಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತ.

"ಯವ್ವಾ, ನಾ ದಬ್ಬಿಲ್ಲ. ಬೀಳಬಾರದಂತ ಹಿಡದು ಜಗ್ಗಿದ್ದೆ."

ಹಾಗೆ ಹೇಳುವಾಗ ಅವನ ಕಣ್ಣು ತಾಯಿಯ ಮೇಲಿರಲಿಲ್ಲ. ಹೇಳಿದ್ದು ಸರಿಯಾಯಿತೇ ಎಂದು ಕೇಳುವವನಂತೆ ಅವನು ಮರಿಲಿಂಗನನ್ನು ನೋಡುತ್ತಿದ್ದ.